ಯಂತ್ರ ಓದುವ ಮೊದಲು ಪೂಂಗೋದೈ ಓದುತ್ತಾರೆ

ಬೆಳಗಿನ ಐದು ಇಪ್ಪತ್ತು. ಪೀಳಮೇಡಿನ ಮಿಲ್ಲಿನ ಹಿಂದಿನ ಬೀದಿಗೆ ಹಾಲಿನ ವ್ಯಾನು ಇನ್ನೂ ಬಂದಿಲ್ಲ. ಮೂರನೇ ಮಹಡಿಯ ಕಚೇರಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತೇಳು ವರ್ಷದ ಪೂಂಗೋದೈ ಕಾಗದದ ಮೇಲೆ ಅಡಿಕೋಲು ಇಟ್ಟು, ಸಾಲುಸಾಲಾಗಿ ಕೆಳಗೆ ಜಾರಿಸುತ್ತ ಓದುತ್ತಿದ್ದಾರೆ. ಕೈಯಲ್ಲಿ ಕೆಂಪು ಪೆನ್ಸಿಲ್. ಹಾಳೆಯಲ್ಲಿರುವುದು ತಮಿಳೂ ಅಲ್ಲ, ಇಂಗ್ಲಿಷೂ ಅಲ್ಲ. ಬೆರಳುಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ಪಿಗೆ ಕೊಡುವ ಆಜ್ಞೆಗಳು: ತಾ, ಇಡು, ಹೋಲಿಸು, ಅಲ್ಲಿಗೆ ಹಾರು.

ಪತ್ರಿಕೆಗಾಗಿ ಮಾತಾಡಿಸಲು ಬಂದ ನಾನು ಬಾಯಿ ತೆರೆಯುವ ಮೊದಲೇ ಎಡಗೈ ಎತ್ತುತ್ತಾರೆ. “ಈ ಪುಟ ಮುಗೀಲಿ ಕಣ್ಣು. ನಡುವೆ ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಓದ್ಬೇಕು.” ಅಕ್ಕರೆಯಿಂದ ಎಲ್ಲರನ್ನೂ ಅವರು ‘ಕಣ್ಣು’ ಎಂದೇ ಕರೆಯುವುದು.

ನಾನು ಈ ತಮಿಳು ಊರಿಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಪಂಪು, ಮೋಟಾರು, ನೂಲಿನ ಯಂತ್ರ ಮಾಡುವವರನ್ನು ಬೀದಿಗೊಬ್ಬರಂತೆ ಕಂಡಿದ್ದೇನೆ. ಅವುಗಳೊಳಗಿನ ಚಿಪ್ಪಿಗೆ ಮಾತು ತಲುಪಿಸುವವರೂ ಇದೇ ಬೀದಿಯಲ್ಲಿದ್ದಾರೆಂದು ತಿಳಿದದ್ದು ಈ ವರ್ಷ. ಆರು ಜನರ ಈ ಕಚೇರಿ ತಯಾರಿಸುವುದು ಕಂಪೈಲರ್. ಎಂಜಿನಿಯರುಗಳು ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಯಾಗಿ ಬದಲಿಸಿ ಕೊಡುವ ಪ್ರೋಗ್ರಾಂ.

“ಮೊದಲು ಅಕ್ಷರ ಕೂಡಿಸಿ ಪದ ಮಾಡುತ್ತೆ,” ಪುಟ ಮುಗಿಸಿ ಪೂಂಗೋದೈ ಹೇಳುತ್ತಾರೆ. “ಆಮೇಲೆ ವಾಕ್ಯ ಸರಿ ಇದೆಯಾ, ಯಾವ ಪದ ಯಾವುದಕ್ಕೆ ಸೇರಿದ್ದು ಅಂತ ನೋಡಿ, ಮರದ ಹಾಗೆ ಕೊಂಬೆ ಕೊಂಬೆಯಾಗಿ ಜೋಡಿಸುತ್ತೆ. ಆವರಣ ಮುಚ್ಚೋದು ಮರೆತ್ರೆ ಅಲ್ಲೇ ಬೈಯುತ್ತೆ. ಆಮೇಲೆ ಅರ್ಥ. ಲೀಟರಿಗೆ ನಿಮಿಷ ಕೂಡಿಸಿದ್ರೆ ಬೈಯುತ್ತೆ. ಪರಿಚಯ ಮಾಡಿಸದ ಹೆಸರು ಬಳಸಿದ್ರೂ ಬೈಯುತ್ತೆ. ಇಷ್ಟರಲ್ಲಿ ಏನೂ ಭಯ ಇಲ್ಲ.”

“ಮತ್ತೆ ಭಯ ಎಲ್ಲಿ?”

“ಸೋಸೋದ್ರಲ್ಲಿ. ಚಿಪ್ಪಲ್ಲಿ ಜಾಗ ಕಡಿಮೆ. ಬೇಡದ ಕೆಲಸ ತೆಗೆದು ಪ್ರೋಗ್ರಾಂ ಸಣ್ಣದು ಮಾಡ್ಬೇಕು. ಬೇಡದ್ದು ಯಾವುದು ಅಂತ ಕಂಪೈಲರೇ ತೀರ್ಮಾನ ಮಾಡುತ್ತೆ. ಅಲ್ಲಿ ತಪ್ಪಿದ್ರೆ ಯಾರೂ ಬೈಯಲ್ಲ. ಸದ್ದೇ ಇಲ್ಲ.”

ಪೂಂಗೋದೈಯ ಅಪ್ಪ ಸಿಂಗಾನಲ್ಲೂರಿನ ಮಿಲ್ಲಿನಲ್ಲಿ ಫಿಟ್ಟರ್. ಪಾಲಿಟೆಕ್ನಿಕ್ ಮುಗಿಸಿದ ಮಗಳು ಈ ಕಚೇರಿಗೆ ಬಂದದ್ದು ಕೈಪಿಡಿ ಟೈಪು ಮಾಡಲು. ಟೈಪು ಮಾಡುತ್ತಲೇ ಅದರಲ್ಲಿನ ತಪ್ಪು ಹಿಡಿಯತೊಡಗಿದರು. ಕೈಪಿಡಿ ಬರೆದವರಿಗೆ ಸಿಟ್ಟು ಬಂತು. “ಟೈಪಿಸ್ಟಮ್ಮ ನಮಗೆ ಪಾಠ ಹೇಳ್ತಾರೆ” ಎಂದು ಎರಡು ವರ್ಷ ಆಡಿಕೊಂಡರು. ಆಡಿಕೊಂಡವರು ಬೇರೆ ಕೆಲಸ ಹಿಡಿದು ಹೋದರು, ಟೈಪಿಸ್ಟಮ್ಮ ಉಳಿದರು. ಈಗ ಕಂಪೈಲರಿನ ಒಂದು ಲಕ್ಷ ಅರವತ್ತು ಸಾವಿರ ಸಾಲುಗಳಲ್ಲಿ ಅರ್ಧಕ್ಕೂ ಹೆಚ್ಚು ಅವರ ಕೈಯವು. ಮೋಟಾರು ಸುತ್ತುವ ಅಂಗಡಿ ಇಟ್ಟಿರುವ ಗಂಡ ಪಳನಿಯಪ್ಪನ್ ನಗುತ್ತಾರೆ: “ಏನ್ ಕೆಲಸ ಅಂತ ಇಪ್ಪತ್ತೆಂಟು ವರ್ಷದಿಂದ ಕೇಳ್ತಿದೀನಿ. ಅವಳೂ ಹೇಳ್ತಾಳೆ, ನಾನೂ ತಲೆ ಆಡಿಸ್ತೀನಿ.”

ನಾನು ಕೇಳಲು ಬಂದದ್ದು ಎರಡು ವರ್ಷದ ಹಿಂದಿನ ದೀಪಾವಳಿ ಬರುವ ಐಪ್ಪಸಿ ತಿಂಗಳ ಒಂದು ಬೆಳಗಿನ ಬಗ್ಗೆ. ಕಂಪನಿಯ, ಆಸ್ಪತ್ರೆಗಳ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಹೇಳುತ್ತಾರೆ. ಇದೇ ಜಿಲ್ಲೆಯ ಸಣ್ಣ ಕಂಪನಿಯೊಂದು ಇವರ ಕಂಪೈಲರ್ ಬಳಸಿ ಕಡಿಮೆ ಬೆಲೆಯ ಡಯಾಲಿಸಿಸ್ ಯಂತ್ರ ಮಾಡುತ್ತಿತ್ತು. ಒಂಬತ್ತು ಆಸ್ಪತ್ರೆಗಳಲ್ಲಿ ನಲವತ್ತಾರು ಯಂತ್ರಗಳು. ಆ ಬೆಳಗಿಗೆ ಹತ್ತು ದಿನದ ಹಿಂದಷ್ಟೇ ಎಲ್ಲಕ್ಕೂ ಹೊಸ ಪಂಪು, ಹೊಸ ಪ್ರೋಗ್ರಾಂ ಹಾಕಿದ್ದರು.

ಹಿಂದಿನ ದಿನ ಮಧ್ಯಾಹ್ನ ಉಡುಮಲೈ ಕಡೆಯ ಆಸ್ಪತ್ರೆಯಲ್ಲಿ ಸಗಾಯಮೇರಿ ಎಂಬ ನರ್ಸ್, ರೋಗಿಗೆ ಮರಳುವ ರಕ್ತದ ಕೊಳವೆಯಲ್ಲಿ ಗಾಳಿಗುಳ್ಳೆ ಕಾಣುತ್ತಾರೆ. ಯಂತ್ರ ಕೂಗಬೇಕಿತ್ತು, ಕೊಳವೆಯನ್ನು ತಾನೇ ಹಿಸುಕಿ ಮುಚ್ಚಬೇಕಿತ್ತು. ಎರಡೂ ಆಗುವುದಿಲ್ಲ. ಕೈಯಿಂದಲೇ ಕ್ಲಿಪ್ ಒತ್ತಿ ಮುಚ್ಚುತ್ತಾರೆ. ರೋಗಿ ಉಳಿಯುತ್ತಾರೆ. ಕಂಪನಿಯವರು ಗುಳ್ಳೆ ಗುರುತಿಸುವ ಸಾಧನ ಬಿಚ್ಚಿ ನೋಡಿದರೆ ಅದು ಸರಿ ಇದೆ. ಪ್ರೋಗ್ರಾಮೂ ಸರಿ ಇದೆ. ಕೊನೆಗೆ ಎಲ್ಲವನ್ನೂ ಪೂಂಗೋದೈಗೆ ಕಳಿಸುತ್ತಾರೆ.

ಮುಂಜಾನೆ ನಾಲ್ಕೂವರೆಗೆ ಅವರು ಅದನ್ನು ತೆರೆಯುತ್ತಾರೆ. ಐದು ಹತ್ತಕ್ಕೆ ಅಡಿಕೋಲು ಒಂದು ಸಾಲಿನ ಮೇಲೆ ನಿಲ್ಲುತ್ತದೆ.

ಗುಳ್ಳೆ ಕಂಡಾಗ ಆ ಸಾಧನ ಚಿಪ್ಪಿನ ನೆನಪಿನ ಒಂದು ಜಾಗದಲ್ಲಿರುವ ಸೊನ್ನೆಯನ್ನು ಒಂದು ಮಾಡುತ್ತದೆ. ಪ್ರೋಗ್ರಾಂ ಆ ಜಾಗವನ್ನು ಸೆಕೆಂಡಿಗೆ ನೂರು ಸಲ ನೋಡುತ್ತಿರಬೇಕು. ‘ಇದು ಹೊರಗಿನಿಂದ ಬದಲಾಗುತ್ತದೆ, ಪ್ರತಿ ಸಲ ಹೊಸದಾಗಿ ನೋಡು’ ಎಂಬ ಗುರುತನ್ನು ಬರೆದವರು ಹಾಕಿಯೇ ಇದ್ದರು. ಕಂಪೈಲರ್ ಅದನ್ನು ಓದಿತ್ತು, ಅರ್ಥವನ್ನೂ ಮಾಡಿಕೊಂಡಿತ್ತು. ಸೋಸುವಾಗ, ಪ್ರೋಗ್ರಾಮಿನ ಒಂದು ತುಂಡನ್ನು ಇನ್ನೊಂದರೊಳಗೆ ಸೇರಿಸುವ ಹೊತ್ತಿಗೆ, ಗುರುತು ಕಳಚಿಬಿದ್ದಿತ್ತು. ಗುರುತಿಲ್ಲದ ಮೇಲೆ ಪದೇ ಪದೇ ನೋಡುವುದು ದಂಡವೆಂದು ತೀರ್ಮಾನಿಸಿ, ಶುರುವಿನಲ್ಲಿ ಒಮ್ಮೆ ನೋಡಿದ ಸೊನ್ನೆಯನ್ನೇ ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ಕಾಲ ನಂಬುವಂತೆ ಆಜ್ಞೆ ಬರೆದುಕೊಟ್ಟಿತ್ತು. ಯಂತ್ರ ಶುರು ಮಾಡುವಾಗಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಸೋಸುವ ಆ ಭಾಗ ಬರೆದವರು ಪೂಂಗೋದೈ. ಅದಕ್ಕೂ ಎಂಟು ತಿಂಗಳ ಮೊದಲು, ಶಿವರಾತ್ರಿ ಬರುವ ಮಾಸಿ ತಿಂಗಳಲ್ಲಿ.

“ಕೂತಲ್ಲಿಂದಲೇ ಯಜಮಾನ್ರಿಗೆ ಫೋನ್ ಮಾಡ್ದೆ.”

ಕಚೇರಿಯ ಯಜಮಾನ ನಾಚಿಮುತ್ತು ನಿದ್ದೆಗಣ್ಣಲ್ಲಿ ಫೋನ್ ಎತ್ತುತ್ತಾರೆ.

“ಸಾರ್, ಯಂತ್ರದವರ ತಪ್ಪಲ್ಲ. ನಮ್ಮ ಕಂಪೈಲರಿಂದು. ನಮ್ಮದು ಅಂದ್ರೆ ನಂದು.”

“ಅಮ್ಮಣಿ, ದುಡುಕಬೇಡ. ಹತ್ತು ಗಂಟೆಗೆ ಎಲ್ಲರೂ ಕೂತು ನೋಡೋಣ. ವಕೀಲರನ್ನೂ ಒಂದು ಮಾತು ಕೇಳ್ಬೇಕು...”

“ಆರು ಗಂಟೆಗೆ ಸೂಜಿ ಹಾಕ್ತಾರೆ ಸಾರ್. ಇವತ್ತು ಬೆಳಗಿನ ಸರದೀಲಿ ಮೂವತ್ತೊಂದು ಜನ.”

ಆ ಕಡೆ ದೀಪ ಹಾಕುವ ಸ್ವಿಚ್ಚಿನ ಸದ್ದು. “ಮಾಡು. ಎಲ್ಲ ಆಸ್ಪತ್ರೆಗೂ ಫೋನ್ ಮಾಡು. ನಾಚಿಮುತ್ತು ಹೇಳ್ದ ಅಂತ ನನ್ನ ಹೆಸರಲ್ಲೇ ಹೇಳು.”

ಮೊದಲ ಫೋನು ಸಗಾಯಮೇರಿಗೆ. ಯಂತ್ರ ನಿಲ್ಲಿಸಿ ಎಂದ ಕೂಡಲೇ ಅವರು ಸಿಡಿಯುತ್ತಾರೆ. “ಅಕ್ಕಾ, ನೀವು ಯಾರೋ ಏನೋ. ಹಬ್ಬ ಅಂತ ಎರಡು ದಿನ ತಪ್ಪಿಸಿಕೊಂಡು ಬಂದೋರು ಇದಾರೆ ಇಲ್ಲಿ. ಕಾಲು ಊದಿದೆ, ಎದೆಗೆ ನೀರು ಏರ್ತಿದೆ. ಇವತ್ತೂ ಆಗಲ್ಲ ಅಂತ ಮನೆಗೆ ಕಳಿಸ್ಲಾ? ನೀವೇ ಬಂದು ಹೇಳಿ ಅವರಿಗೆ.”

“ನಿಲ್ಲಿಸದೇ ಮಾಡೋಕೆ ದಾರಿ ಇದೆಯಾ ಕಣ್ಣು? ನಿನ್ನೆ ನೀವು ಮಾಡಿದ ಹಾಗೆ?”

“ಯಂತ್ರಕ್ಕೊಬ್ಬರು ಕೂತು ಕಣ್ಣು ಮುಚ್ಚದೆ ಕೊಳವೆ ನೋಡ್ತಿರ್ಬೇಕು. ಗುಳ್ಳೆ ಕಂಡ್ರೆ ಕ್ಲಿಪ್ ಒತ್ತಬೇಕು. ಇಲ್ಲಿರೋದು ನಾವಿಬ್ಬರೇ ನರ್ಸು, ಐದು ಯಂತ್ರ.”

“ಜೊತೆಗೆ ಬಂದೋರು?”

ಸಗಾಯಮೇರಿ ಯೋಚಿಸುತ್ತಾರೆ. “ಹೆಂಡತೀರು ಇದಾರೆ. ಕಲಿಸ್ತೀನಿ. ಎಲ್ಲಿವರೆಗೆ ಅಕ್ಕಾ?”

“ಹನ್ನೊಂದು ಗಂಟೆ ಸರದಿಗೆ ಹೊಸ ಪ್ರೋಗ್ರಾಂ ಕೊಡ್ತೀನಿ.” ಕೊಡಬಲ್ಲೆನೋ ಇಲ್ಲವೋ, ಆ ಕ್ಷಣಕ್ಕೆ ಅವರಿಗೇ ಗೊತ್ತಿರಲಿಲ್ಲ.

ಒಂಬತ್ತೂ ಆಸ್ಪತ್ರೆಗೆ ಅದೇ ಮಾತು ಹೋಗುತ್ತದೆ. ಹಳೆಯ ಪ್ರೋಗ್ರಾಮಿಗೆ ಹೊಸ ಪಂಪು ಗೊತ್ತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. ಸೋಸುವುದನ್ನೇ ನಿಲ್ಲಿಸಿ ನೋಡಿದರೆ ಪ್ರೋಗ್ರಾಂ ಉಬ್ಬಿ ಚಿಪ್ಪಿನೊಳಗೆ ಹಿಡಿಸುವುದಿಲ್ಲ, ನಾನೂರ ಹನ್ನೆರಡು ಬೈಟು ಹೆಚ್ಚು. ಉಳಿದದ್ದು ಒಂದೇ ದಾರಿ: ಗುರುತು ಎಲ್ಲಿ ಕಳಚಿತೆಂದು ಕಂಪೈಲರಿನೊಳಗೇ ಹುಡುಕುವುದು. ಪದ ಒಡೆಯುವಲ್ಲಿ ಗುರುತು ಇದೆ. ಮರ ಕಟ್ಟುವಲ್ಲಿ ಇದೆ. ಅರ್ಥ ನೋಡುವಲ್ಲಿ ಇದೆ. ಸೋಸುವ ಹಂತಗಳು ಹದಿನಾಲ್ಕು. ಒಂದೊಂದರ ನಂತರವೂ ನಿಲ್ಲಿಸಿ ನೋಡುತ್ತಾರೆ. ಒಂದು, ಎರಡು, ಮೂರು.

ಎಂಟು ಐವತ್ತಕ್ಕೆ ಫೋನು. ಧಾರಾಪುರದ ಕಡೆಯ ಆಸ್ಪತ್ರೆ. ಅಲ್ಲಿ ಗಂಡನ ಕೊಳವೆಗೆ ಕಣ್ಣು ನೆಟ್ಟು ಕೂತಿದ್ದ ಕುಪ್ಪಾತ್ತಾಳ್ ಗುಳ್ಳೆ ಕಂಡಿದ್ದಾರೆ. ಯಂತ್ರ ಕೂಗಿಲ್ಲ, ಆಕೆ ಕೂಗಿದ್ದಾರೆ. ಕೂಗುತ್ತಲೇ ಕ್ಲಿಪ್ ಒತ್ತಿದ್ದಾರೆ.

“ಗಂಡನಿಗೆ ಏನಾಯ್ತು?” ಎಂದು ಪೂಂಗೋದೈ ಕೇಳುತ್ತಾರೆ. ನರ್ಸ್ ಹೇಳುತ್ತಾರೆ: “ಹುಷಾರಾಗಿದಾರೆ. ಇಷ್ಟು ಜೋರಾಗಿ ಕಿರುಚ್ತೀಯಾ ಅಂತ ಹೆಂಡತೀಗೆ ಬೈತಿದಾರೆ.”

ಫೋನಿಟ್ಟು, ಮುಖ ತೊಳೆದು ಮತ್ತೆ ಕೂರುತ್ತಾರೆ. ಒಂಬತ್ತನೆಯ ಹಂತದಲ್ಲಿ ಗುರುತು ಇಲ್ಲ. ಸಿಕ್ಕಿತು. ಹನ್ನೊಂದು ಸಾಲು ಬರೆಯುತ್ತಾರೆ. ಆಗ ಒಂಬತ್ತೂ ಇಪ್ಪತ್ತೈದು.

ಕಂಪೈಲರನ್ನು ಬದಲಿಸಿದಾಗಲೆಲ್ಲ ಎರಡು ಸಾವಿರದ ಮುನ್ನೂರ ಹನ್ನೆರಡು ಪುಟ್ಟ ಪ್ರೋಗ್ರಾಮುಗಳನ್ನು ಅದರಲ್ಲಿ ಹಾಯಿಸಿ ನೋಡಬೇಕು. ನಲವತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಬಂದು ಪಕ್ಕದಲ್ಲಿ ನಿಂತಿದ್ದ ನಾಚಿಮುತ್ತು ಗಡಿಯಾರ ನೋಡುತ್ತಾರೆ. “ಇವತ್ತೊಂದು ದಿನ ಬಿಡು ಅಮ್ಮಣಿ. ಕಳಿಸಿಬಿಡು.”

“ಅವಸರದಲ್ಲಿ ತಾನೇ ಸಾರ್ ಮಾಸಿಯಲ್ಲಿ ಇದನ್ನ ಒಳಗೆ ಬಿಟ್ಟಿದ್ದು? ಇನ್ನೊಂದು ತಪ್ಪು ಕಳಿಸೋಕೆ ನನ್ನ ಕೈಲಾಗಲ್ಲ.”

ಕಂಪ್ಯೂಟರ್ ಆ ಪುಟ್ಟ ಪ್ರೋಗ್ರಾಮುಗಳನ್ನು ಎಣಿಸುತ್ತಿರುವಾಗ ಪೂಂಗೋದೈ ಹೊಸ ಆಜ್ಞೆಗಳ ಹಾಳೆ ತೆಗೆದು ಓದುತ್ತಾರೆ. ಆ ಜಾಗ ಈಗ ಸುತ್ತಿನೊಳಗಿದೆ, ಪ್ರತಿ ಸುತ್ತಿಗೂ ಹೊಸ ನೋಟ. ಹತ್ತೂ ಹತ್ತಕ್ಕೆ ಪ್ರೋಗ್ರಾಂ ಒಂಬತ್ತೂ ಕಡೆಗೆ ಹೋಗುತ್ತದೆ. ಹನ್ನೊಂದೂ ಐದಕ್ಕೆ ಉಡುಮಲೈಯಲ್ಲಿ ಸಗಾಯಮೇರಿ ಬರೀ ಉಪ್ಪುನೀರು ಓಡುತ್ತಿರುವ ಕೊಳವೆಗೆ ಸಿರಿಂಜಿನಿಂದ ಗಾಳಿ ಬಿಡುತ್ತಾರೆ. ಫೋನಿನಲ್ಲಿ ಯಂತ್ರದ ಕೂಗು ಕೇಳಿಸುತ್ತದೆ. “ಕೇಳಿಸ್ತಾ ಅಕ್ಕಾ?” ಎಂದು ಅವರು ಅದಕ್ಕಿಂತ ಜೋರಾಗಿ ಕೂಗುತ್ತಾರೆ.

ಅಂದು ಯಾರಿಗೂ ಅಪಾಯವಾಗಲಿಲ್ಲ. ಆ ಯಂತ್ರಗಳಿಗೆ ಈಗ ಚಿಪ್ಪನ್ನು ನೆಚ್ಚದ ಎರಡನೆಯ ಕಾವಲೊಂದನ್ನು ಜೋಡಿಸಿದ್ದಾರೆ. ತಪ್ಪು ಏನು, ಯಾರದು, ಯಾವಾಗಿನದು ಎಂದು ಪೂಂಗೋದೈ ಎರಡು ಪುಟದ ಪತ್ರ ಬರೆದು, ಕಂಪೈಲರ್ ಕೊಂಡ ಎಲ್ಲರಿಗೂ ಕಳಿಸಿದರು. ಮೂವರು ಗಿರಾಕಿಗಳು ಬಿಟ್ಟು ಹೋದರು. ಕೆಲಸ ಬಿಡುತ್ತೇನೆಂದು ಪೂಂಗೋದೈ ಯಜಮಾನರೆದುರು ನಿಂತಾಗ ನಾಚಿಮುತ್ತು ಕೇಳಿದ್ದು ಇಷ್ಟೇ: “ಹೊಸಬರು ಬರ್ತಾರೆ. ಈ ತಪ್ಪು ಅವರಿಗೆ ಗೊತ್ತಿರುತ್ತಾ?”

ಅಂದಿನಿಂದ ದಿನಕ್ಕೆ ನಲವತ್ತು ಪುಟ. ಮನುಷ್ಯರ ಮೈಗೆ ತಗಲುವ ಯಂತ್ರ ಯಾವುದೇ ಇರಲಿ, ಅದರ ಆಜ್ಞೆಗಳನ್ನು ಅವರು ಕಣ್ಣಾರೆ ಓದಿದ ಮೇಲೆಯೇ ಹೊರಗೆ ಬಿಡುತ್ತಾರೆ. ಬಲಗಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆ ಮುಂದೂಡುತ್ತಲೇ ಇದ್ದಾರೆ. ಮಣಿಕಟ್ಟಿಗೆ ಪಟ್ಟಿ. ಎಂಟು ಗಂಟೆಗೆ ಡಬ್ಬಿಯಲ್ಲಿ ತಂದ, ಅಕ್ಕಿ ಬೇಳೆ ಕೂಡಿಸಿ ಬೇಯಿಸಿದ ಅರಿಸಿಪರುಪ್ಪು ಅನ್ನ ತಿನ್ನುತ್ತಾರೆ, ಹಾಳೆಯಿಂದ ಕಣ್ಣು ತೆಗೆಯದೆ.

ಬರುವ ವರ್ಷ ನಿವೃತ್ತಿ. ಏನು ಆಸೆಯಿದೆ ಎಂದು ಕೇಳುತ್ತೇನೆ. ಸನ್ಮಾನ, ಶಾಲು ಏನೂ ಬೇಡ ಎನ್ನುವಂತೆ ಕೈಯಾಡಿಸಿ ಪರದೆಯನ್ನು ನನ್ನ ಕಡೆ ತಿರುಗಿಸುತ್ತಾರೆ. ಆ ಹನ್ನೊಂದು ಸಾಲುಗಳು. ಅವುಗಳ ಮೇಲೆ, ಕಂಪೈಲರ್ ಓದದೆ ಬಿಟ್ಟುಬಿಡುವ ಒಂದು ಟಿಪ್ಪಣಿ, ಮನುಷ್ಯರಿಗೆಂದೇ ಬರೆದದ್ದು: ‘ಇದು ಬೇಡ ಅನ್ನಿಸಿದರೆ, ಅಳಿಸುವ ಮೊದಲು ಪೂಂಗೋದೈಗೆ ಫೋನ್ ಮಾಡಿ.’ ಪಕ್ಕದಲ್ಲಿ ಅವರ ಮೊಬೈಲ್ ನಂಬರು.

“ಯಾರೂ ಮಾಡದೇ ಇದ್ರೆ ಸಂತೋಷ,” ಎನ್ನುತ್ತಾರೆ. “ಮಾಡಿದ್ರೆ ಎತ್ತಬೇಕಲ್ಲ. ಅದಕ್ಕೇ ಈ ನಂಬರ್ ಬದಲಾಯಿಸಲ್ಲ.”