ಮೂವರ ಸಂಘ, ಒಂದು ರಾಜೀನಾಮೆ

ನಮ್ಮ ವೈದ್ಯರ ಸಂಘದಲ್ಲಿ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ಖಜಾಂಚಿಯೂ ಇದ್ದಾರೆ. ಸದಸ್ಯರು ಮಾತ್ರ ಇಲ್ಲ. ಇರುವ ಮೂವರೂ ಪದಾಧಿಕಾರಿಗಳಾಗಿಬಿಟ್ಟಿದ್ದೇವೆ. ಸಿಂಧನೂರಿನ ನಾನು ಮನೋವೈದ್ಯೆ. ಲಿಂಗಸುಗೂರಿನ ಖಾದರ್ ಸಾಹೇಬರು ನರರೋಗ ತಜ್ಞರು. ಮಸ್ಕಿಯ ಶರಣಮ್ಮ ಜ್ವರದಿಂದ ಹಿಡಿದು ಎಲ್ಲವನ್ನೂ ನೋಡುವ ಸಾಮಾನ್ಯ ವೈದ್ಯೆ. ತಲೆಗೆ ಸಂಬಂಧಿಸಿದ್ದನ್ನು ನಮ್ಮಿಬ್ಬರ ತಲೆಗೆ ಕಟ್ಟುತ್ತಾಳೆ.

ದೊಡ್ಡ ಊರುಗಳಲ್ಲಿ ನರದವರ ಸಂಘ ಬೇರೆ, ಮನಸ್ಸಿನವರ ಸಂಘ ಬೇರೆ. ಒಂದು ಕಾಲಕ್ಕೆ ಎರಡೂ ಒಂದೇ ಮನೆಯಲ್ಲಿದ್ದ ವಿದ್ಯೆಗಳು. ಆಮೇಲೆ ಅಣ್ಣತಮ್ಮಂದಿರಂತೆ ಪಾಲಾದವು. ತಲೆನೋವು ಯಾರ ಪಾಲಿಗೆ ಎಂಬ ವ್ಯಾಜ್ಯ ಇನ್ನೂ ಮುಗಿದಿಲ್ಲ. ನಾವೂ ಹಾಗೆ ಒಡೆದರೆ ನನ್ನ ಸಂಘದಲ್ಲಿ ಭಾಷಣ ಮಾಡುವವಳೂ ನಾನೇ, ಚಪ್ಪಾಳೆ ತಟ್ಟುವವಳೂ ನಾನೇ. ಅದೂ ಅಲ್ಲದೆ ನಮ್ಮ ಕಡೆ ಮನಸ್ಸಿನ ಡಾಕ್ಟರ ಬಾಗಿಲಿಗೆ ನೇರವಾಗಿ ಬರುವವರು ಕಡಿಮೆ. ಎಲ್ಲರೂ ‘ನರದ ವೀಕ್‌ನೆಸ್’ ಎಂದು ಸಾಹೇಬರ ಹತ್ತಿರ ಹೋಗಿ, ಅಲ್ಲಿಂದ ನನ್ನ ಹತ್ತಿರ ಬರುತ್ತಾರೆ.

ಕಳೆದ ವರ್ಷ ನನ್ನ ಗಂಡ ತೀರಿಕೊಂಡರು. ಕ್ಲಿನಿಕ್ಕಿನ ಬಾಗಿಲು ಹಾಕಿದೆ. ಊರವರ ದುಃಖಕ್ಕೆಲ್ಲ ಮಾತು ಗೊತ್ತಿದ್ದ ನನಗೆ ನನ್ನದಕ್ಕೆ ಒಂದು ಮಾತೂ ಸಿಗಲಿಲ್ಲ. ಇನ್ನು ಈ ಕೆಲಸ ನನ್ನಿಂದಾಗದು ಅನ್ನಿಸಿ, ಸಂಘ ಬಿಡುತ್ತೇನೆಂದು ಅಧ್ಯಕ್ಷರಾದ ಸಾಹೇಬರಿಗೆ ಫೋನ್ ಮಾಡಿದೆ.

“ಬಿಡ್ರಿ ಮೇಡಂ. ಆದ್ರ ರಾಜೀನಾಮಿ ಮಂಜೂರು ಮಾಡಾಕ ಸಭಾ ಕರೀಬೇಕಲ್ರಿ. ಸಭಾ ನಡೀಬೇಕಂದ್ರ ಮೂರೂ ಮಂದಿ ಇರಬೇಕು. ನೀವು ಬಂದ್ರನ ನೀವು ಬಿಡಾಕ ಆಗೂದು!”

ನಿಯಮ ನಿಯಮವೇ. ಹೋದೆ. ಆ ಸಲ ಸಾಹೇಬರ ಮನೆಯಲ್ಲಿ ಊಟ ತಡವಾಗಿ ನನ್ನ ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯಲ್ಲಿ ಮೂರ್ಛೆರೋಗದ ಚರ್ಚೆ ಮುಗಿಯಲೇ ಇಲ್ಲ. ಮೂರು ತಿಂಗಳಿಗೊಮ್ಮೆ ಸೇರುತ್ತಿದ್ದ ಸಂಘ ಪ್ರತಿ ಭಾನುವಾರ ಸೇರತೊಡಗಿತು. ಮುಖ ನೋಡಿ ಮನಸ್ಸು ತಿಳಿಯುವುದು ನನ್ನ ಕಸುಬು. ಇವರಿಬ್ಬರ ಹೂಟ ಮಾತ್ರ ನನಗೆ ಹೊಳೆಯಲಿಲ್ಲ.

ಒಂದು ಭಾನುವಾರ ಮಸ್ಕಿಯಲ್ಲಿ ಸೇರಿದ ಸಭೆಗೆ ಶರಣಮ್ಮ ಪಾಮನಕಲ್ಲೂರಿನ ಒಬ್ಬ ಅಜ್ಜಿಯನ್ನು ಕೂರಿಸಿಕೊಂಡಿದ್ದಳು. ಕೈಕಾಲು ಜೋಮು, ತಲೆಯಲ್ಲಿ ಗುಂಯ್ ಅನ್ನುವ ಸದ್ದು. ಸಾಹೇಬರು ಮೊಣಕಾಲಿಗೆ ಪುಟ್ಟ ಸುತ್ತಿಗೆ ತಟ್ಟಿ, ಅಂಗಾಲು ಗೀರಿ ನೋಡಿ, “ನರ ಛಲೋ ಅದಾವ. ಇದು ನಿಮ್ಮ ಪಾಲು ರೀ ಮೇಡಂ,” ಎಂದು ಕುರ್ಚಿ ಬಿಟ್ಟೆದ್ದರು.

ಆಗದೆನ್ನಲು ಬಾಯಿ ತೆರೆದವಳು ಅಭ್ಯಾಸಬಲದಿಂದ ಕೇಳಿಬಿಟ್ಟೆ: “ನಿದ್ದಿ ಬರ್ತದೇನವ್ವಾ?”

“ಮನಿ ಯಜಮಾನ ಹ್ವಾದ ಮ್ಯಾಲ ಎಲ್ಲೀ ನಿದ್ದಿ, ತಾಯಿ?” ಅಜ್ಜಿ ನನ್ನ ಬರಿಗೊರಳನ್ನು ನೋಡಿದಳು. “ನಿನಗರ ಬರ್ತದೇನು?”

ಅಷ್ಟು ತಿಂಗಳಲ್ಲಿ ಧೈರ್ಯ ಹೇಳಿದವರು ಬಹಳ, ಇದನ್ನು ಕೇಳಿದವರಿಲ್ಲ. “ಇಲ್ಲವ್ವಾ,” ಎಂದೆ. ಅಳು ತಡೆಯಲಾಗಲಿಲ್ಲ. ಅಜ್ಜಿ ಜೋಮು ಹಿಡಿದ ಕೈಯಿಂದಲೇ ನನ್ನ ಬೆನ್ನು ಸವರಿದಳು. ಸಾಹೇಬರು ಕಿಟಕಿಯ ಕಡೆ ತಿರುಗಿ ನಿಂತರು, ಶರಣಮ್ಮ ಚಹಾದ ನೆಪದಲ್ಲಿ ಒಳಗೆ ಹೋದಳು. ಅಜ್ಜಿಯೂ ನಾನೂ ಬಹಳ ಹೊತ್ತು ಮಾತಾಡಿದೆವು. ಅಲ್ಲಿ ವೈದ್ಯೆ ಯಾರು, ರೋಗಿ ಯಾರು ಎಂಬುದನ್ನು ಯಾವ ಸಂಘವೂ ತೀರ್ಮಾನಿಸಲಾರದು.

ಹೊರಡುವಾಗ ಅಜ್ಜಿ, ಮುಂದೆ ಎಲ್ಲಿಗೆ ಬರಲಿ ಎಂದಳು. “ಸಿಂಧನೂರಿಗೆ ಬಾರವ್ವಾ. ನಾಳಿಂದ ಕ್ಲಿನಿಕ್ ತೆಗೀತೀನಿ,” ಎಂದೆ.

ಸಾಹೇಬರು ಕಿಟಕಿಯಿಂದ ಈಚೆ ತಿರುಗಿದರು. “ಹಂಗಾದ್ರ ರಾಜೀನಾಮಿ ವಿಷಯ ಏನು ಮಾಡೋಣ್ರಿ?”

“ಓಟಿಗೆ ಹಾಕ್ರಿ,” ಎಂದೆ.

ಹಾಕಿದರು. ಅದರ ವಿರುದ್ಧ ಮೊದಲು ಎದ್ದ ಕೈ ನನ್ನದೇ.