ನಳೀಚಿ ವಾಟ

ಮಗಳು ಮೆಚ್ಚಿದ ಹುಡುಗ ಮರಾಠಿಯವನು. ಅವನನ್ನು ಬಿಟ್ಟು ಬೇರೆ ಯಾರೂ ಬೇಡ ಎಂದಿದ್ದಳು. ನಿಜ ಹೇಳಬೇಕೆಂದರೆ ನನಗೂ ಅವನೇ ಬೇಕಾಗಿತ್ತು. ಅವನಪ್ಪನಿಗೆ ಬೆಟ್ಟದ ಹುಚ್ಚು. ಮಾತುಕತೆಗೆಂದು ಯೆರವಡಾದ ನಮ್ಮ ಮನೆಗೆ ಬಂದವರು, ಮದುವೆ ಗಟ್ಟಿಯಾಗುವ ಮೊದಲು ಎರಡೂ ಮನೆಯವರು ಹರಿಶ್ಚಂದ್ರಗಡ ಹತ್ತಿ ಬರೋಣ ಎಂದರು. ಕುಂಡಲಿ ನೋಡುವ ಬೀಗರನ್ನು ಕಂಡಿದ್ದೆ, ಮಂಡಿ ನೋಡುವವರನ್ನು ಕಂಡಿದ್ದು ಅಂದೇ.

ಗಡಕ್ಕೆ ಪಾಚನಯಿ ಎಂಬ ಊರಿನಿಂದ ಒಂದು ದಾರಿ, ತೋಲಾರ್ ಖಿಂಡಿಯಿಂದ ಒಂದು, ಕೊಂಕಣದ ಕಡೆಯಿಂದ 'ನಳೀಚಿ ವಾಟ' ಎಂದು ಇನ್ನೊಂದು. ಯಾವುದು ಬೇಕೆಂದು ಕೇಳಿದರು. ವಾಟ ಎಂದರೆ ದಾರಿ; ವಿಜಯಪುರದಿಂದ ಬಂದು ಇಲ್ಲಿ ನೆಲೆಸಿದ ನಮಗೆ ನಳ ಎಂದರೆ ನೀರು ಬರುವ ನಲ್ಲಿ. ನನ್ನ ಗಂಡ ಎದೆಯುಬ್ಬಿಸಿ "ನಳೀಚಿ ವಾಟ!" ಎಂದರು. ಬೀಗರು ಒಂದು ಗಳಿಗೆ ಇವರನ್ನೇ ನೋಡಿ "ವಾಹ್" ಎಂದರು.

ಒಳಗೆ ಬಂದು ಇವರು ನನಗೆ ಧೈರ್ಯ ಹೇಳಿದರು: "ದಾರಿಗುಂಟ ನಳ ಹಾಕ್ಯಾರ. ನೀರು ಹೊರೋ ತ್ರಾಸ ಇಲ್ಲ."

ಬೆಟ್ಟದ ಬುಡದಲ್ಲಿ ನಿಂತಾಗ ನಳ ಎಲ್ಲಿಯೂ ಕಾಣಲಿಲ್ಲ. ಎರಡು ಬಂಡೆಗೋಡೆಗಳ ನಡುವೆ, ಲಾರಿಗಟ್ಟಲೆ ಕಲ್ಲು ಸುರಿದಂತಿದ್ದ ಕಡಿದಾದ ಕೊರಕಲು ಮೇಲಕ್ಕೆ ಹೋಗಿತ್ತು. ಬೆಟ್ಟ ಹತ್ತುವವರ ಮರಾಠಿಯಲ್ಲಿ ನಳಿ ಎಂದರೆ ಅದೇ. ಮಗಳೂ ಹುಡುಗನೂ ಸರಸರ ಮುಂದೆ ಹೋದರು.

"ಈಗ ಒಲ್ಲೆ ಅಂದ್ರ ಮದುವಿ ಮುರೀತದ" ಎಂದು ಇವರು ಪಿಸುಗುಟ್ಟಿದರು.

"ನೀವು ಬಿದ್ದು ಸತ್ರ ಒಂದು ವರ್ಷ ಮುಂದ ಹೋಗ್ತದ್ರೀ!" ಎಂದೆ.

ಸ್ವಲ್ಪ ದೂರ ಹತ್ತುವುದರೊಳಗೆ ಬೀಗರು ಒಂದು ಬಂಡೆಯನ್ನು ಅಪ್ಪಿಕೊಂಡು ನಿಂತುಬಿಟ್ಟರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮರಾಠಿಯಲ್ಲೇ ಒದರಿದೆ: "ಇವರು ನಳಿ ಅಂದರೆ ನೀರಿನ ನಳ ಅಂದುಕೊಂಡಿದ್ದರು. ನಿಮಗೇನಾಗಿತ್ತು?"

ಅವರು ಬಂಡೆ ಬಿಡದೆಯೇ ಹೇಳಿದರು: "ನಾನು ಯಾವಾಗಲೂ ಪಾಚನಯಿಯಿಂದಲೇ ಹತ್ತೋದು. ಹೆಣ್ಣಿನವರೇ ಇದನ್ನು ಕೇಳಿದಾಗ ಗಂಡಿನ ಕಡೆಯವನು ಬೇಡ ಅನ್ನೋದು ಹೇಗೆ?"

ಇವರು ನಕ್ಕುಬಿಟ್ಟರು. ನಾನು ಹೆದರಿದೆ. ಆದರೆ ಬೀಗರಿಗೂ ನಗು ತಡೆಯಲಾಗಲಿಲ್ಲ. ಇವರು ಕೈ ಕೊಟ್ಟರು; ಇಬ್ಬರೂ ಮಕ್ಕಳ ಹಾಗೆ ಕುಳಿತುಕೊಂಡೇ ಒಂದೊಂದು ಕಲ್ಲು ಇಳಿದರು. ಹರಿದ ಪ್ಯಾಂಟಿನ ವಿಚಾರ ಯಾರೂ ಎತ್ತಲಿಲ್ಲ.

ಕೆಳಗೆ ಬಂದು ಉಸಿರು ತಿರುಗಿದ ಮೇಲೆ ಬೀಗರು ಗಂಭೀರರಾದರು. "ಮದುವೆಗೆ ನಮ್ಮದೊಂದು ಷರತ್ತಿದೆ" ಎಂದರು.

ಇವರು ನನ್ನ ಕೈ ಹಿಡಿದುಕೊಂಡರು.

"ಮದುವೆ ಹಾಲ್ ಗ್ರೌಂಡ್ ಫ್ಲೋರಿನಲ್ಲೇ ಇರಬೇಕು."