ಒಂದು ಹೊತ್ತಿನ ಸೋಫಾ

ಮೊನ್ನೆ ಮಧ್ಯಾಹ್ನ ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಹತ್ತಿದೆ. ಬಿಸಿಲಲ್ಲಿ ನಿಂತು ನಿಂತು ಸೀಟಿನ ರೆಕ್ಸಿನ್ ಕಾದು ಹೋಗಿತ್ತು. ಕೂತ ತಕ್ಷಣ ಮೂಗಿಗೆ ಹೊಡೆಯಿತಲ್ಲ ಆ ವಾಸನೆ, ಅಷ್ಟಕ್ಕೇ ನನ್ನ ಮುಖ ಬಿಸಿಯಾಯಿತು. ಈ ವಯಸ್ಸಿನಲ್ಲಿ, ಆಟೋದಲ್ಲಿ ಒಬ್ಬಳೇ ಕೂತು ನಾಚಿಕೆ ಪಡುವಂಥದ್ದು ಏನಿದೆ ಹೇಳಿ? ಆದರೂ ಪಟ್ಟೆ. ಡ್ರೈವರು ಕನ್ನಡಿಯಲ್ಲಿ ನೋಡಿ "ಯಾಕಮ್ಮ, ಸೆಕೆನಾ?" ಅಂದ. "ಹೂಂ ಕಣಪ್ಪ" ಅಂದೆ. ಎಪ್ಪತ್ತರ ದಶಕದ ಒಂದು ಕೆಂಪು ಸೋಫಾದ ಕಥೆಯನ್ನು ಅವನಿಗೆ ಹೇಳುವುದಕ್ಕಾಗುತ್ತದೆಯೇ? ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ನಡೆದಿರುತ್ತದೆ, ಸೋಫಾ ಅಲ್ಲದಿದ್ದರೆ ಇನ್ನೇನೋ ಒಂದು.

ಆಗ ನಾವಿದ್ದದ್ದು ಮಂಡ್ಯದಲ್ಲೇ, ಹಿತ್ತಿಲಿದ್ದ ಒಂದು ಹೆಂಚಿನ ಮನೆಯಲ್ಲಿ. ಅಪ್ಪ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಜೊತೆಗೆ ಅತ್ತೆ. ಅತ್ತೆ ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಕೊತ್ತತ್ತಿಯಿಂದ ತಮ್ಮನ ಮನೆಗೆ ಬಂದವಳು; ಬರುವಾಗ ಒಂದು ಎಮ್ಮೆಯನ್ನೂ ಹೊಡೆದುಕೊಂಡೇ ಬಂದಿದ್ದಳು. ಮಸಿಗಿಂತ ಕಪ್ಪಗಿದ್ದ ಆ ಎಮ್ಮೆಗೆ ಬೆಳ್ಳಿ ಅಂತ ಹೆಸರಿಟ್ಟವಳೂ ಅವಳೇ. ಅಪ್ಪನ ಸಂಬಳ ಬಂದ ಸಂಜೆಯೇ ಅತ್ತೆಯ ಕೈ ಸೇರುತ್ತಿತ್ತು. ಅಲ್ಲಿಂದಾಚೆ ನಾವು ಏನು ತಿನ್ನಬೇಕು, ಏನು ಉಡಬೇಕು ಎಲ್ಲ ಅವಳದೇ ತೀರ್ಮಾನ. "ಸುಖಕ್ಕೆ ಖರ್ಚು ಮಾಡಾನ ಕಣವ್ವ, ಸೋಕಿಗೆ ಬ್ಯಾಡ" ಅನ್ನುವುದು ಅವಳ ಕಾನೂನು. ವಾರಕ್ಕೊಮ್ಮೆ ಎಣ್ಣೆ ನೀರಿಗೆ ಹಂಡೆ ತುಂಬ ಬಿಸಿನೀರು, ಮುದ್ದೆಯ ಮೇಲೆ ಬೆಣ್ಣೆ, ಚಳಿಗೆ ತಲೆಗೊಂದು ಕಂಬಳಿ, ಇವೆಲ್ಲ ಸುಖ. ಪೌಡರು, ಪ್ಲಾಸ್ಟಿಕ್ ಹೂವು, ಗಾಜಿನ ಬೀರು, ಇವೆಲ್ಲ ಶೋಕಿ. ಮದ್ದೂರಿನಲ್ಲಿ ರೈಲು ನಿಂತಾಗ ವಡೆ ಕೇಳಿದರೆ ನಮ್ಮ ಮುಖ ನೋಡಿ, "ಹಸ್ದಿದ್ರೆ ಸುಖ, ಹೊತ್ತೋಗ್ದೆ ತಿಂದ್ರೆ ಸೋಕಿ. ಯಾವ್ದು ಹೇಳು?" ಅನ್ನುತ್ತಿದ್ದಳು. ನಾವು ಹೊಟ್ಟೆ ಒಳಕ್ಕೆಳೆದು ಹಸಿದವರ ಹಾಗೆ ನಿಲ್ಲುತ್ತಿದ್ದೆವು. ಗೊತ್ತಾದರೂ ನಕ್ಕು ಕೊಡಿಸುತ್ತಿದ್ದಳು.

ಆದರೆ ನಮ್ಮ ಮನೆಯಲ್ಲಿ ಕೂರುವುದಕ್ಕೆ ಇದ್ದದ್ದು ಎರಡು ಚಾಪೆ ಮತ್ತು ಅಪ್ಪನ ಒಂದು ಮಡಚುವ ಕುರ್ಚಿ. ಗೆಳತಿಯರು ಬಂದರೆ ನಾನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದೆ. ಹಿತ್ತಿಲ ಕಡೆಯಿಂದ ಸಗಣಿ ವಾಸನೆ ಬಂದರೆ, ಅದು ಪಕ್ಕದ ಮನೆಯದೇನೋ ಎನ್ನುವ ಹಾಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆ ಎಮ್ಮೆಯ ಕೆನೆಮೊಸರು ತಿಂದೇ ಕೆನ್ನೆ ತುಂಬಿಸಿಕೊಂಡಿದ್ದವಳು ನೋಡಿ ನಾನು.

ಅಕ್ಕನಿಗೆ ಮಳವಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲೇ ಮೇಷ್ಟ್ರು. ಗದ್ದೆ ಮನೆತನ, ವರದಕ್ಷಿಣೆ ಬೇಡ ಅಂತ ಮೊದಲೇ ಹೇಳಿ ಕಳಿಸಿದ್ದರು. ವೈದ್ಯನಾಥಪುರದ ದೇವಸ್ಥಾನದಲ್ಲಿ ನಡೆದ ಯಾರದೋ ಮದುವೆಯಲ್ಲಿ ಅಕ್ಕ ಅವನನ್ನು ಕಂಡಿದ್ದಳು. ನನ್ನ ಹತ್ತಿರ ಮಾತ್ರ, "ಜೋರಾಗಿ ಮಾತಾಡಲ್ಲ ಕಣೆ ಅವ್ರು" ಅಂದಿದ್ದಳು. ಅಕ್ಕನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಹೆಣ್ಣು ನೋಡುವುದಕ್ಕೆ ಬರುವ ದಿನ ಗೊತ್ತಾದದ್ದೇ ತಡ, ಅವ್ವನ ನಿದ್ದೆ ಹಾರಿಹೋಯಿತು. ಮೇಷ್ಟ್ರ ಮನೆಯವರು ಬಂದರೆ ಚಾಪೆ ಹಾಸುವುದೇ? ಬೀದಿಯ ಕೊನೆಯಲ್ಲಿದ್ದ ಇಂಜಿನಿಯರ ಮನೆಯಲ್ಲಿ ಕೆಂಪು ರೆಕ್ಸಿನ್ನಿನ ಸೋಫಾ ಇತ್ತು. ಅವ್ವ ಹೋಗಿ ಕೇಳಿದಳು. ಒಂದು ಹೊತ್ತಿಗೆ ತಾನೇ, ತಗೊಂಡು ಹೋಗಿ ಅಂದರು. ಮುಂದಿನ ಬಾಗಿಲಿಗೆ ಸೋಫಾ ಬಂದ ಮೇಲೆ ಹಿಂದಿನ ಬಾಗಿಲಲ್ಲಿ ಎಮ್ಮೆ ಇದ್ದರೆ ಹೇಗೆ? ಅದನ್ನು ಹಿಂದಿನ ಬೀದಿಯ ಗಾಡಿಯವನ ಕೊಟ್ಟಿಗೆಯಲ್ಲಿ ಕಟ್ಟಿಬಿಡೋಣ ಎಂದು ಅವ್ವ ಅಂದಾಗ ನಾನು ಕೈ ತಟ್ಟಿ ಕುಣಿದೆ.

ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕೈ ನಿಂತಿತು. "ಬೆಳ್ಳಿ ಏನ್ ತಪ್ ಮಾಡ್ತು?" ಅಂದಳು. "ಒಂದೊತ್ತಿಗೆ ಕಣಕ್ಕ, ಮಗಿನ ಒಳ್ಳೇದುಕ್ಕೆ" ಎಂದಳು ಅವ್ವ. ಅತ್ತೆ ಅಪ್ಪನ ಮುಖ ನೋಡಿದಳು. ಅಪ್ಪ ಕಿಟಕಿಯ ಆಚೆ ನೋಡಿದ. "ಹೂಂ, ಆಯ್ತು ಬುಡು. ಮಗಿನ ಒಳ್ಳೇದುಕ್ಕೆ ಅಂದ್ಮ್ಯಾಕೆ ನಾನ್ಯಾಕೆ ಅಡ್ಡ ಬರ್ಲಿ" ಅಂದು ಮತ್ತೆ ಅಕ್ಕಿ ಕೇರಲು ಶುರು ಮಾಡಿದಳು. ಅವರು ಬರುವ ದಿನ ಬೆಳಿಗ್ಗೆ ಬೆಳ್ಳಿಯ ಹಗ್ಗ ಹಿಡಿದು ಹಿಂದಿನ ಬೀದಿಗೆ ನಡೆಸಿಕೊಂಡು ಹೋದವಳೂ ಅವಳೇ. ಬೇರೆ ಯಾರ ಹಿಂದೆಯೂ ಅದು ಹೋಗುತ್ತಿರಲಿಲ್ಲ.

ಬಂದವರು ಮೂರು ಜನ. ಹುಡುಗ, ಅವನ ಅಪ್ಪ, ಅವ್ವ. ನಡುಮನೆಯಲ್ಲಿ ಸೋಫಾ ನೋಡಿ ಮೂವರೂ ಹೊಸ್ತಿಲಲ್ಲೇ ತಡೆದು ನಿಂತರು. ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದು ಅಪ್ಪ ಉಪಚಾರ ಮಾಡಿದ ಮೇಲೆ, ಹುಡುಗನ ಅಪ್ಪ ತನ್ನ ಪಂಚೆಯನ್ನೊಮ್ಮೆ ನೋಡಿಕೊಂಡು, ಹೆಗಲ ಮೇಲಿನ ಟವೆಲ್ಲನ್ನು ಸೋಫಾದ ಮೇಲೆ ಹಾಸಿ, ಅದರ ಅಂಚಿನಲ್ಲಿ ಕೂತರು. ಬಸ್ಸಿನ ಧೂಳು ಅದಕ್ಕೆ ಹತ್ತಬಾರದಲ್ಲ! ಹುಡುಗನ ಅವ್ವ ಎಷ್ಟು ಹೇಳಿದರೂ ಮೇಲೆ ಕೂರಲಿಲ್ಲ, ಗೋಡೆಗೊರಗಿ ನೆಲದ ಮೇಲೇ ಕೂತುಬಿಟ್ಟರು. ಅಕ್ಕ ಉಪ್ಪಿಟ್ಟು, ಕಾಫಿ ತಂದಿಟ್ಟಳು. ಹುಡುಗನ ಅಪ್ಪ ಒಂದು ಗುಟುಕು ಕುಡಿದು ಮುಖ ಅರಳಿಸಿದರು. "ಹಾಲು ಗಟ್ಟಿಯಾಗೈತೆ. ಮನೇಲಿ ಕರಾವು ಐತಾ, ಹಸನೋ ಎಮ್ಮೇನೋ?" ಅಂದರು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಸೋಫಾದ ಕಡೆ ಒಮ್ಮೆ ನೋಡಿ, "ಇಲ್ಲ ಇಲ್ಲ, ಹಾಕಿಸ್ಕೋತೀವಿ. ಪ್ಯಾಟೇಲಿ ಅವೆಲ್ಲ ಎಲ್ಲಿ?" ಅಂದುಬಿಟ್ಟ. ಅಷ್ಟರಲ್ಲಿ ಹಿಂದಿನ ಬೀದಿಯಿಂದ ಬೆಳ್ಳಿ ಕೂಗಿತು. ಹಾಲು ಕರೆಯುವ ಹೊತ್ತು ಮೀರಿತ್ತು. ಒಮ್ಮೆ ಕೂಗಿ ನಿಲ್ಲಿಸಲಿಲ್ಲ, ಕೂಗುತ್ತಲೇ ಇತ್ತು. ನಾವೆಲ್ಲ ಕಿವುಡರ ಹಾಗೆ ಕೂತಿದ್ದೆವು. ಹುಡುಗನ ಅಪ್ಪ ಲೋಟ ಕೆಳಗಿಟ್ಟು, "ಯಾರದೋ ಎಮ್ಮೆ. ಕೆಚ್ಚಲು ತುಂಬೈತೆ ಪಾಪ, ಗಮನ್ಸೋರಿಲ್ಲ ಅಂತ ಕಾಣ್ತದೆ" ಅಂದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಎಮ್ಮೆಯನ್ನು ಗಮನಿಸದವಳು ಎಂಬ ಮಾತು ಅವಳ ಜನ್ಮದಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ತಿರುಚುತ್ತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಎಲ್ಲಿ ಬಾಯಿಬಿಟ್ಟುಬಿಡುತ್ತಾಳೋ ಎಂಬ ಹೆದರಿಕೆ ನನಗೆ. ಅವಳು ಬಿಡಲಿಲ್ಲ.

ಕೆಲವು ದಿನಗಳಾದ ಮೇಲೆ ಸಂಬಂಧ ತಂದಿದ್ದ ಕೊತ್ತತ್ತಿಯ ಮಾವ ಬಂದ. ಚಾಪೆಯ ಮೇಲೆ ಕೂತು ತಲೆ ಕೆರೆದುಕೊಂಡ. "ಹುಡ್ಗಿ ಲಕ್ಷಣ್ವಾಗವ್ಳೆ, ಒಪ್ಗೆ ಆಗಿತ್ತು ಅಂತಾರೆ ಕಣಣ್ಣ. ಆದ್ರೆ ಆ ಮನೆ ನಮ್ಮಳತೆಗೆ ಮೀರಿದ್ದು ಅಂತಾರೆ. ಸೋಫಾ ಮ್ಯಾಲೆ ಕುಂತು ಬೆಳ್ದ ಮಗ, ನಮ್ಮನೇಲಿ ಎಮ್ಮೆ ಸಗಣಿ ಬಾಚೀತಾ, ಬಂದು ಕಣ್ಣೀರು ಹಾಕ್ಬಾರ್ದು ಅಂತಾರೆ." ಅಯ್ಯೋ ಅನ್ನಿಸಿತು! ಅಕ್ಕ ಆ ಹೊತ್ತಿನಲ್ಲಿ ಹಿತ್ತಿಲಲ್ಲಿ ಸಗಣಿ ಬಾಚುತ್ತಲೇ ಇದ್ದಳು.

ಅತ್ತೆ ಎದ್ದು ನಿಂತಳು. "ನಾನು ನಾಳೀಕೆ ಬಸ್ ಹತ್ತಿ ಮಳವಳ್ಳಿಗೆ ಓಯ್ತೀನಿ. ಸೋಫಾ ನಮ್ದಲ್ಲ, ಎಮ್ಮೆ ನಮ್ದು ಅಂತ ಹೇಳ್ ಬತ್ತೀನಿ. ಅಷ್ಟೇ ತಾನೆ?" ಅಪ್ಪ ಬೇಡ ಅಂದ. "ಆವತ್ತು ಇಲ್ಲ ಅಂದು ಈಗ ಐತೆ ಅಂದ್ರೆ ಆ ಹಿರೀಕರ ಮುಂದೆ ನನ್ನ ಮಾನ ಏನಾಯ್ತದಕ್ಕ?" "ನಿನ್ ಮಾನ ದೊಡ್ದೋ, ಮಗಿನ ಬಾಳು ದೊಡ್ದೋ ಏನ್ಲಾ?" ಅಂದಳು ಅತ್ತೆ. ಅವ್ವ ಅಳುತ್ತ ಅಪ್ಪನ ಕಡೆಗೇ ನಿಂತಳು. ನಾನೂ ಮನಸ್ಸಿನಲ್ಲಿ ಅಪ್ಪನ ಕಡೆಗೇ. ನಮ್ಮದಲ್ಲದ ಸೋಫಾ ಎಂದು ಊರಿಗೆಲ್ಲ ಗೊತ್ತಾದರೆ ಶಾಲೆಗೆ ಹೇಗೆ ಹೋಗಲಿ ಅನ್ನುವುದೊಂದೇ ನನಗಿದ್ದ ಚಿಂತೆ. ಅಕ್ಕನನ್ನು ಯಾರೂ ಕೇಳಲಿಲ್ಲ. ಅವಳು ಸಗಣಿ ಕೈ ತೊಳೆದುಕೊಂಡು ಬಂದು ಮಾವನಿಗೆ ಮಜ್ಜಿಗೆ ಕೊಟ್ಟಳು.

ಅತ್ತೆ ಬಸ್ ಹತ್ತಲಿಲ್ಲ. ಆಮೇಲೆ ಅಕ್ಕನಿಗೆ ಬೇರೆ ಕಡೆ ಮದುವೆಯಾಯಿತು. ಭಾವ ಕೆಟ್ಟವನಲ್ಲ, ಜೋರಾಗಿ ಮಾತಾಡುತ್ತಿದ್ದ, ಅಷ್ಟೇ. ಭಾವನ ಮನೆಯವರಿಗೆ ಶೋಕಿ ಬೇಕಿತ್ತು. ಬೆಳ್ಳಿಯನ್ನು ಮಾರಿದ್ದು ಆಗಲೇ. ಅದೇ ಮದುವೆಗೆ ನಮ್ಮ ಮನೆಗೆ ಸ್ವಂತ ಸೋಫಾ ಬಂತು, ಹಸಿರು ರೆಕ್ಸಿನ್ನಿನದು. ಬೆಣ್ಣೆ ಹೋಯಿತು, ನೀರು ಹಾಲು ಬಂತು. ಸಂಬಳವೂ ಅತ್ತೆಯ ಕೈಗೆ ಹೋಗುವುದು ನಿಂತಿತು.

ಒಂದು ಸಂಗತಿ ಹೇಳದೆ ಬಿಟ್ಟಿದ್ದೆ. ಮಳವಳ್ಳಿಯವರು ಬಂದು ಹೋದ ಸಂಜೆ, ಕೆಂಪು ಸೋಫಾ ವಾಪಸ್ಸು ಹೊರಡುವ ಮೊದಲು, ಅತ್ತೆ ಬೆಳ್ಳಿಯನ್ನು ಕಟ್ಟಿ, ಹಾಲು ಕರೆದು ಒಳಗೆ ಬಂದಳು. ನಡುಮನೆಯಲ್ಲಿ ನಾನೊಬ್ಬಳೇ ಇದ್ದೆ. "ನೋಡಾನ, ಏನೈತೆ ಇದ್ರಾಗೆ" ಎಂದು ಮೆಲ್ಲಗೆ ಕೂತಳು. ಮಂಡಿ ನೋವಿನವಳು, ನೆಲದ ಮೇಲೆ ಕೂರುವಾಗ ಏಳುವಾಗ ದೇವರನ್ನು ಕರೆಯುವವಳು. ಬೆನ್ನು ಒರಗಿಸಿದಳು, ಕಾಲು ಇಳಿಬಿಟ್ಟಳು, ಕಣ್ಣು ಮುಚ್ಚಿದಳು. ತಪ್ಪು ಒಪ್ಪಿಕೊಳ್ಳುವವಳ ಹಾಗೆ, "ಸುಖವಾಗೇ ಐತೆ ಕಣ್ ಮಗ" ಅಂದಳು. ಹೊರಗೆ ಅವ್ವನ ದನಿ ಕೇಳಿದ್ದೇ ಗಾಬರಿಯಲ್ಲಿ ಎದ್ದು, ಕೂತ ಜಾಗವನ್ನು ಸೆರಗಿನಿಂದ ಒರೆಸಿದಳು.

ಅದನ್ನು ಕೇಳಿದ್ದು ನಾನೊಬ್ಬಳೇ. ಹಸಿರು ಸೋಫಾ ಬಂದಾಗ ಬಾಯಿಬಿಟ್ಟು ಹೇಳಬಹುದಿತ್ತು. ಬಂದವರಿಗೆ ಎಂದು ಅವ್ವ ಅದರ ಕೂರುವ ಜಾಗಕ್ಕೆ ಬಟ್ಟೆ ಹೊದಿಸಿದಳು. ಬಂದವರು ಕೂತರು, ನಾನು ಕೂತೆ, ನನ್ನ ಗೆಳತಿಯರು ಕೂತರು. ಅತ್ತೆಗೆ ಕೂತ್ಕೊ ಎಂದು ನಾವ್ಯಾರೂ ಹೇಳಲಿಲ್ಲ, ಅವಳಾಗಿ ಕೂರಲೂ ಇಲ್ಲ. ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಏಳಬೇಕಾದಾಗ ಸೋಫಾದ ತೋಳನ್ನು ಹಿಡಿದುಕೊಂಡು ಏಳುತ್ತಿದ್ದಳು. ಅವಳು ತೀರಿಕೊಂಡ ವರ್ಷ ಮನೆ ಖಾಲಿ ಮಾಡುವಾಗ ಬಟ್ಟೆ ತೆಗೆದು ನೋಡಿದೆವು. ಕೂರುವ ಜಾಗ ಇನ್ನೂ ಹೊಸದರ ಹಾಗೇ ಇತ್ತು. ಆ ಒಂದು ತೋಳಿನ ರೆಕ್ಸಿನ್ ಮಾತ್ರ ಸವೆದು, ಒಳಗಿನ ನಾರು ಕಾಣುತ್ತಿತ್ತು.